ನಿಲ್ಲಿಸಿ ತೆಗೆದ ಎಕ್ಸ್‌ರೇ

ಡುಲೂತ್, ಮಿನ್ನೆಸೋಟ
ಫೆಬ್ರವರಿ ೧೪, ಆಸ್ಪತ್ರೆಯಿಂದ

ಪ್ರೀತಿಯ ಆರ್ವಿಡ್,

ಹೇಗಿದ್ದೀಯ? ಕೈಬೆರಳ ಬಿರುಕು ವಾಸಿಯಾಯಿತೇ? ಅಲಾಸ್ಕದ ಕಡೆ ಗಾಳಿ ಜೋರೆಂದು ರೇಡಿಯೋದಲ್ಲಿ ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮ್ಮ ಮೀನಿನ ಹಡಗು ದಡಕ್ಕೆ ಬಂದಾಗ ಈ ಕಾಗದ ನಿನ್ನ ಕೈ ಸೇರಬಹುದು. ನಾನು ಚೆನ್ನಾಗಿದ್ದೇನೆ. ನಮ್ಮ ಟಿಲ್ಡಾ ಚೆನ್ನಾಗಿಲ್ಲ. ಗಾಬರಿಯಾಗಬೇಡ, ಪೂರ್ತಿ ಓದು.

ಎರಡು ವಾರದ ಹಿಂದೆ ಗುಡ್ಡ ಇಳಿಯುವಾಗ ಸ್ನೋಬೋರ್ಡಿನಿಂದ ಬಿದ್ದಳು. ಹಲಗೆಗೆ ಬಿಗಿದಿದ್ದ ಎಡಪಾದ ಅಲ್ಲೇ ಉಳಿದು ಮೈ ಮಾತ್ರ ತಿರುಗಿತಂತೆ. ನಮ್ಮ ಕ್ಲಿನಿಕ್ಕಿಗೇ ಕರೆದೊಯ್ದೆ, ಎಕ್ಸ್‌ರೇ ನಾನೇ ತೆಗೆದೆ. ಮುರಿದಿಲ್ಲ, ಬರೀ ಉಳುಕು ಅಂದರು ಡಾಕ್ಟರ್. ಆಮೇಲೆ ಅವಳು ಕುಂಟಿದಾಗಲೆಲ್ಲ ಗದರಿದೆ: "ನಾಟಕ ಸಾಕು, ಕಾಲೂರಿ ನಡಿ." ನಿನ್ನ ಮಗಳಲ್ಲವೇ, ಸುಮ್ಮನಿರುತ್ತಾಳೆಯೇ! "ನಿನ್ ಕಾಲಾಗಿದ್ರೆ ಗೊತ್ತಾಗ್ತಿತ್ತು!"

ಮೊನ್ನೆ ಸೋಫಾದ ಮೇಲೆ ಮಲಗಿದ್ದಾಗ ಅವಳ ಅಂಗಾಲು ಕಂಡಿತು. ನಟ್ಟನಡುವೆ ನೇರಳೆ ಮಾಸಿ ಹಳದಿಗೆ ತಿರುಗಿದ ರಕ್ತದ ಕಲೆ. ಹದಿನೆಂಟು ವರ್ಷ ಈ ಕೆಲಸ ಮಾಡಿದವಳಿಗೆ ಅದರ ಅರ್ಥ ಗೊತ್ತಿರಲೇಬೇಕು. ಕೋಟು ಕೂಡ ಹಾಕದೆ ಕ್ಲಿನಿಕ್ಕಿಗೆ ಕಾರು ತೆಗೆದೆ. ಈ ಸಲ ಎಕ್ಸ್‌ರೇಗೆ ಎರಡೂ ಕಾಲಿನ ಮೇಲೆ ಭಾರ ಹಾಕಿಸಿ ನಿಲ್ಲಿಸಿದೆ. "ಬೇಡಮ್ಮಾ, ಆಗಲ್ಲಮ್ಮಾ" ಎಂದು ನನ್ನ ತೋಳಿಗೆ ಉಗುರು ಊರಿದಳು. "ಒಂದೇ ನಿಮಿಷ ಕಂದಾ" ಅಂದೆ. ಚಿತ್ರದಲ್ಲಿ ಹೆಬ್ಬೆರಳಿನ ಉದ್ದ ಮೂಳೆಗೂ ಪಕ್ಕದ್ದಕ್ಕೂ ನಡುವೆ, ಪಾದದ ಮಧ್ಯದಲ್ಲಿ, ಬಲಗಾಲಲ್ಲಿಲ್ಲದ ಸಂದು. ಅವೆರಡನ್ನು ಹಿಡಿದಿಡುವ ನಾರು ಹರಿದಿತ್ತು.

"ಇನ್ನೂ ಹೀಗೇ ನಡೆದಿದ್ರೆ ಪಾದದ ಕಮಾನೇ ಕುಸಿದುಬಿಡ್ತಿತ್ತು" ಅಂದರು ಇಲ್ಲಿಯ ಸರ್ಜನ್ ಹಾಲ್‌ಬರ್ಗ್. ನಾಳೆ ಬೆಳಿಗ್ಗೆ ಲೋಹದ ಪಟ್ಟಿ, ಸ್ಕ್ರೂ ಹಾಕಿ ಕೂಡಿಸುತ್ತಾರೆ. ಎಂಟು ವಾರ ಕಾಲೂರುವಂತಿಲ್ಲ. ಮತ್ತೆ ಸ್ನೋಬೋರ್ಡ್ ಹತ್ತಬಹುದಾ ಎಂದು ಇವಳು ಕೇಳಿದರೆ ಆ ಸರ್ಜನ್, "ಮೊದ್ಲು ನಡಿಯೋದು ನೋಡೋಣ" ಅಂದುಬಿಟ್ಟರು. ಆಗಿನಿಂದ ನಾನು ಈ ಕಾರಿಡಾರನ್ನು ಎಷ್ಟು ಸಲ ಅಳೆದೆನೋ.

ಟಿಲ್ಡಾ ನಿನಗೆ ಮುತ್ತು ಕಳಿಸಿದ್ದಾಳೆ. ಡೆಕ್ಕಿನ ಮೇಲೆ ಹುಷಾರು.

ನಿನ್ನ
ಕಾರಿನ್

ತಾ.ಕ.: ಮೇಲೆ ಒಂದನ್ನು ಬರೆಯದೆ ಬಿಟ್ಟೆ. ಮೊದಲ ದಿನವೇ ಕ್ಲಿನಿಕ್ಕಿನ ಡಾಕ್ಟರ್ ಎಕ್ಸ್‌ರೇ ನಿಲ್ಲಿಸಿ ತೆಗೆಯಲು ಹೇಳಿದ್ದರು. ಇವಳು ಅತ್ತಳೆಂದು ಮಲಗಿಸಿಯೇ ತೆಗೆದೆ, ನಿಂತಿದ್ದಳೆಂದು ಬರೆದುಕೊಟ್ಟೆ. ಕಾಲಿನ ಮೇಲೆ ಭಾರ ಬೀಳದಿದ್ದರೆ ಆ ಸಂದು ಕಾಣುವುದಿಲ್ಲ. ಇವತ್ತು ಬೆಳಿಗ್ಗೆ ಅವರಿಗೆ ಫೋನು ಮಾಡಿ ಒಪ್ಪಿಕೊಂಡೆ. ಕೆಲಸ ಉಳಿಯುತ್ತದೋ ಇಲ್ಲವೋ. ಸ್ವಲ್ಪ ಹೊತ್ತಿನ ಹಿಂದೆ ಟಿಲ್ಡಾಳಿಗೂ ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಅರ್ಧ ಗಂಟೆಯಾದ ಮೇಲೆ, ತಿರುಗದೆಯೇ, "ಬಲಗಾಲು ತಣ್ಣಗಾಗಿದೆ, ಕಾಲ್ಚೀಲ ಹಾಕು" ಅಂದಳು. ಹಾಕಿ ಆ ಪಾದ ಹಿಡಿದೇ ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ, ಕಾಗದ ಒತ್ತಿಹಿಡಿಯಲು ಇನ್ನೊಂದು ಕೈ ಬಿಡುವಿಲ್ಲ.