ಗಾಂಧಿ ಜಯಂತಿಗೊಂದು ಕೊಲೆಗಾರರ ಕಾದಂಬರಿ

ವಿದ್ಯಾರಣ್ಯಪುರಂ, ಮೈಸೂರು
14 ಸೆಪ್ಟೆಂಬರ್ 2003, ಭಾನುವಾರ

ಪ್ರಿಯ ಚೆಲುವ,

ಭಾರತ ದಂಡ ಸಂಹಿತೆಯ ಮುನ್ನೂರ ಎಪ್ಪತ್ತೊಂಬತ್ತನೆಯ ಕಲಮಿನ ಪ್ರಕಾರ ನಾನೊಬ್ಬ ಕಳ್ಳ ಎಂದು ಈ ಮೂಲಕ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತೇನೆ. ನಿನ್ನ ಕೈ ಸೇರಿರುವ ಆ ದಪ್ಪ ಇಂಗ್ಲಿಷ್ ಕಾದಂಬರಿ ನಾನು ಕೊಂಡದ್ದಲ್ಲ. ನಮ್ಮ ಕಾಲೇಜಿನ ಗ್ರಂಥಾಲಯದಿಂದ, ಊಟದ ಚೀಲದೊಳಗೆ ಮೊಸರನ್ನದ ಡಬ್ಬಿಯ ಕೆಳಗಿಟ್ಟು ಸಾಗಿಸಿದ್ದು. ಗ್ರಂಥಪಾಲಕಿ ಚೂಡಾಮಣಿಯವರು ದೂರು ಬರೆದುಕೊಟ್ಟರು, ಪ್ರಿನ್ಸಿಪಾಲರು ತನಿಖಾ ಸಮಿತಿ ನೇಮಿಸಿದರು. ಅಧ್ಯಕ್ಷ ನಾನೇ. ಇದುವರೆಗೆ ಎರಡು ಸಭೆ ನಡೆದಿವೆ. ಬೋಂಡಾ ಚೆನ್ನಾಗಿತ್ತು, ಸುಳಿವು ಸಿಕ್ಕಿಲ್ಲ. "ಸರ್, ಇದು ಒಳಗಿನೋರ್ದೇ ಕೆಲ್ಸ. ಹೊರಗಿನ್ ಕಳ್ಳ ಪುಸ್ತಕ ಯಾಕ್ ಮುಟ್ತಾನೆ? ಫ್ಯಾನ್ ಬಿಚ್ಕೊಂಡ್ ಹೋಗ್ತಾನೆ," ಅಂದರು ಚೂಡಾಮಣಿ. ವಾಚನಾಲಯವನ್ನು ವಂಚನಾಲಯ ಮಾಡುವವರನ್ನು ಸುಮ್ಮನೆ ಬಿಡಬಾರದು ಎಂದು ನಾನೂ ಮೇಜು ಗುದ್ದಿದೆ.

ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಜೈಲಿನ ಅಧಿಕಾರಿಗಳಿಗೂ ನಮಸ್ಕಾರ. ಪುಸ್ತಕ ವಾಪಸು ಬರುತ್ತದೆ ಸಾರ್, ದಯವಿಟ್ಟು ಮುಂದೆ ಓದಿ.

ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ತಡವಾದದ್ದಕ್ಕೆ ಪರೀಕ್ಷೆಯ ಪೇಪರು, ಜ್ವರ, ನನ್ನ ಹೆಂಡತಿ ಕಮಲಳ ತಮ್ಮನ ಗೃಹಪ್ರವೇಶ, ಹೀಗೆ ನೆಪಗಳು ಬೇಕಾದಷ್ಟಿವೆ, ಎಲ್ಲವೂ ಅರ್ಧ ನಿಜ. ಆಟೋ ಹಿಡಿದರೆ ಇಪ್ಪತ್ತು ನಿಮಿಷದ ದಾರಿ. ಬಂದು ನೋಡುವುದು ಬಿಟ್ಟು ಐದು ರೂಪಾಯಿಯ ಅಂಚೆ ಕವರು ಹಿಡಿದು ಕೂತಿದ್ದೇನೆ. ಕ್ಷಮಿಸು ಎಂದು ಈಗಲೇ ಕೇಳುವುದಿಲ್ಲ. ಆ ಮಾತನ್ನು ಮೊದಲೇ ಖರ್ಚು ಮಾಡಿದರೆ ಆಮೇಲೆ ಸಾಲದೆ ಹೋದೀತು.

ನೀನು ಕೇಳಿದ್ದು ಎರಡು. ಒಂದು: ಜೈಲಿನ ವಾಚನ ಕೂಟದಲ್ಲಿ ಗಾಂಧಿ ಜಯಂತಿಯ ದಿನ ಆ ಕಾದಂಬರಿಯ ಗುಣದೋಷಗಳ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಬರೆದುಕೊಡು. ಎರಡು: ಕೆಂಚಮ್ಮ ಎಂಬ ಮುದುಕಿ ಬರುತ್ತಾಳೆ, ಕಂಡದ್ದನ್ನು ಹೇಳು. ಮೊದಲನೆಯದು ಸುಲಭ. ಗಾಂಧಿ ಜಯಂತಿಗೆ ಕೊಲೆಗಾರರ ಕಾದಂಬರಿ! ಬಿ.ಎ.ಯಲ್ಲಿ ಇಂಗ್ಲಿಷಿಗೆ ಮೂವತ್ತೈದು ತೆಗೆದವನು ಐನೂರು ಪುಟ ಓದಿ ಮುಗಿಸಿದ್ದೀಯಲ್ಲ, ಅದಕ್ಕೇ ಅರ್ಧ ಶಿಕ್ಷೆ ಮನ್ನಾ ಮಾಡಬೇಕು. ನೋಡು, ಕಾಲೇಜಿನಿಂದ ಒಟ್ಟಿಗೆ ಹೊರಬಿದ್ದ ನಮ್ಮಿಬ್ಬರಲ್ಲಿ ನಾನು ಮೆಚ್ಚುವ ಕೆಲಸಕ್ಕೆ ಸೇರಿದೆ, ನೀನು ಮಚ್ಚಿನ ಕೆಲಸಕ್ಕೆ.

ಗುಣ ಹೇಳುತ್ತೇನೆ, ಬರೆದುಕೋ. ಅದು ಬಂದರಿನಲ್ಲಿ ಒಣಮೀನು ಮಾರುವ ಮನೆತನದ ಕಥೆ. ಕಥೆಗಾರ ಮೊದಲು ಮನೆ ತೋರಿಸುತ್ತಾನೆ, ಆಮೇಲೆ ಹೆಣ. ಯಾರ ಕತ್ತು ಕೊಯ್ಯಬೇಕೆಂದು ಹೇಳುವ ಮುಂಚೆ ಆ ಮನೆಯ ಹಿರಿಯ ಎಲ್ಲರ ತಟ್ಟೆಗೂ ಮೀನಿನ ಸಾರು ತಾನೇ ಬಡಿಸುತ್ತಾನೆ. ಬೇರೆಯವರಿಗೆ ಇದು ಕಲ್ಪನೆ ಅನ್ನಿಸಬಹುದು. ನಮಗಿಬ್ಬರಿಗೂ ನಿಮ್ಮಣ್ಣ ದೇವಯ್ಯನವರು ಗೊತ್ತಲ್ಲ. ಮಂಡಿ ಮೊಹಲ್ಲಾದ ನಿಮ್ಮ ತೆಂಗಿನಕಾಯಿ ಮಂಡಿಗೆ ಬರಬೇಕಾದ ಲೋಡನ್ನು ಆ ಹಾಸನದ ಡ್ರೈವರು ಪಕ್ಕದವರಿಗೆ ಇಳಿಸಿದ ದಿನ ನೆನಪಿದೆಯಾ? ಅವನನ್ನು ಎಳೆತಂದು ಕೂರಿಸಿ ನಿಮ್ಮಣ್ಣ ಕೇಳಿದ್ದು ಒಂದೇ ಮಾತು: "ಊಟ ಆಯ್ತೇನ್ಲಾ?" ಇಲ್ಲ ಅಂದ. ಹೋಟೆಲಿನಿಂದ ನಾಲ್ಕು ಇಡ್ಲಿ ಬಂತು. ಅವನಿಗೆ ಗಂಟಲಲ್ಲಿ ಇಳಿಯುತ್ತಿಲ್ಲ. "ತಿನ್ಲಾ. ಅಸ್ಕಂಡಿರೋನ್ ಮೇಲೆ ಕೈ ಮಾಡ್ಬಾರ್ದು ಕಣ್ಲಾ, ಪಾಪ ಬತ್ತದೆ." ಇಡ್ಲಿ ಮುಗಿಯಿತು, ಕೈ ತೊಳೆಸಿದರು. ಆ ತೊಳೆದ ಕೈಯನ್ನೇ ಹಿಡಿದು, ನೆಲಕ್ಕೆ ನೆಟ್ಟಿದ್ದ ಕಾಯಿ ಸುಲಿಯುವ ಹಾರೆಯ ಮೊನೆಯ ಮೇಲಿಟ್ಟು ಅದುಮಿದರು. ಅಂಗೈ ಹೊಕ್ಕ ಮೊನೆ ಹಿಂಗೈಯಲ್ಲಿ ಕಂಡಿತು. ನೀನು ಮುಖ ತಿರುಗಿಸಿದೆ. ನಾನು ತಿಂದದ್ದನ್ನೆಲ್ಲ ಮೂಟೆಯ ಹಿಂದೆ ಕಕ್ಕಿದೆ. ಅಂಥವರನ್ನೇ ನಾವು ಅಣ್ಣ ಅನ್ನುತ್ತಿದ್ದೆವು, ಹಬ್ಬಕ್ಕೆ ಕಾಲು ಮುಟ್ಟುತ್ತಿದ್ದೆವು.

ಇನ್ನೊಂದು ಗುಣ: ಕಥೆಗಾರ ನಮ್ಮನ್ನೂ ಆ ಮನೆಯ ಆಳು ಮಾಡಿಬಿಡುತ್ತಾನೆ. ಇನ್ನೂರನೆಯ ಪುಟದ ಹೊತ್ತಿಗೆ "ಮುಂದೆ ಯಾರು?" ಎಂದು ಪಾಯಸದ ಎರಡನೆಯ ಸೌಟಿಗೆ ಕಾದಂತೆ ಕಾಯುತ್ತಿರುತ್ತೇವೆ. ಇದು ಗುಣವೋ ದೋಷವೋ ನಿನ್ನ ವಾಚನ ಕೂಟವೇ ಹೇಳಲಿ. ನನಗಿಂತ ಅನುಭವಸ್ಥರು ಅಲ್ಲಿದ್ದಾರೆ.

ದೋಷಕ್ಕೆ ಬರೋಣ. ಆ ಕಾದಂಬರಿಯ ಕೊಲೆಗಳಲ್ಲಿ ಕಲೆ ಇದೆ, ಆದರೆ ಎಲ್ಲೂ ಕಲೆ ಉಳಿಯುವುದಿಲ್ಲ. ಒಂದು ಏಟು, ಒಂದು ಕೂಗು, ಮುಂದಿನ ಅಧ್ಯಾಯ. ಸಾಯುವವರು ಒಂದೇ ವಾಕ್ಯದಲ್ಲಿ, ವ್ಯಾಕರಣಬದ್ಧವಾಗಿ ಸಾಯುತ್ತಾರೆ. ನಿಮ್ಮಣ್ಣ ಹಾಗೆ ಸತ್ತರೇ? ತೊಂಬತ್ತನಾಲ್ಕರ ಏಪ್ರಿಲ್, ಬುಧವಾರ, ಮಧ್ಯಾಹ್ನ ನಾಲ್ಕು ಗಂಟೆ. ನೀನು ಕಾಯಿ ಕೊಳ್ಳಲು ತಿಪಟೂರಿಗೆ ಹೋದವನು ಇನ್ನೂ ವಾಪಸಿನ ದಾರಿಯಲ್ಲಿದ್ದೆ. ನಾನು ತಂಗಿಯ ಮದುವೆಗೆ ಕಾಯಿ ಹೇಳಲು ಅಂಗಡಿಗೆ ಬಂದಿದ್ದೆ. ನಂಬರಿಲ್ಲದ ಮೆಟಡೋರ್ ನಿಂತಿತು, ನಾಲ್ಕು ಜನ ಇಳಿದರು. ಮೊದಲ ಏಟನ್ನು ನಿಮ್ಮಣ್ಣ ಕೈಯಿಂದ ತಡೆದರು. ಮೂರು ಬೆರಳು ಹಾರಿ ಕಾಯಿ ರಾಶಿಯೊಳಗೆ ಬಿದ್ದವು. ಅವನ್ನು ಹುಡುಕಿ ತೆಗೆಯಲು ಪೊಲೀಸರು ಅರ್ಧ ರಾಶಿ ಇಳಿಸಬೇಕಾಯಿತು. ಹೆಗಲು, ಕತ್ತು, ಕೆಳಗೆ ಬಿದ್ದ ಮೇಲೆ ಮೊಣಕಾಲಿನ ಹಿಂಬದಿ. ಅಷ್ಟಾದರೂ ಇಪ್ಪತ್ತು ನಿಮಿಷ ಜೀವ ಇತ್ತು, ನೀರು ಕೇಳಿದರು. ನೆಲದ ಮೇಲಿನ ನಾರೆಲ್ಲ ರಕ್ತ ಹೀರಿ ಕೆಂಪು ಹಗ್ಗದ ಉಂಡೆಯಾಗಿತ್ತು. ಬಿಂದಿಗೆಗಟ್ಟಲೆ ನೀರು ಸುರಿದರೂ ಮೂರು ದಿನ ನೊಣ ಬಿಡಲಿಲ್ಲ. ಇದನ್ನು ಯಾವ ಕಾದಂಬರಿಕಾರನೂ ಬರೆಯುವುದಿಲ್ಲ, ಓದುಗ ಊಟ ಬಿಡುತ್ತಾನೆ.

ಆವತ್ತು ಇಡೀ ಬೀದಿ ಬಾಗಿಲು ಹಾಕಿಕೊಂಡಾಗ, ಅಂಗಡಿಯ ಮುಂದೆ ನಿಂತು, ಆ ನಾಲ್ವರಲ್ಲಿ ನಿಮ್ಮ ಹಳೆಯ ಹಮಾಲನನ್ನು ಗುರುತಿಸಿ "ಚಿಕ್ಕಯ್ಯಾ, ಬೇಡ ಕಣೋ!" ಎಂದು ಕೂಗಿದವನು ಈ ಬಡ ಮೇಷ್ಟ್ರು ಒಬ್ಬನೇ ಎಂಬುದು ನಿನಗೆ ಗೊತ್ತು, ನಮ್ಮ ಸ್ಟಾಫ್ ರೂಮಿಗೂ ಗೊತ್ತು. ಒಂಬತ್ತು ವರ್ಷದಿಂದ ಹೇಳಿ ಹೇಳಿ ಅದನ್ನು ಪಾಲಿಶ್ ಮಾಡಿದ್ದೇನೆ. ಮೊದಲು ನನ್ನ ಮೇಲೆ ಒಂದು ಮಚ್ಚು ಬೀಸಿದರು. ಎರಡು ಸಾವಿರದ ಇಸವಿಯ ಹೊತ್ತಿಗೆ ಅದು ಮೂರಾಯಿತು. ಲಾಂಗಿನ ಕಥೆ ಶಾರ್ಟಾಗಿ ಹೇಳಲು ನನಗೆ ಬರುವುದೇ ಇಲ್ಲ.

ಎರಡನೆಯ ದೋಷ. ಆ ಪುಸ್ತಕದಲ್ಲಿ ಇಪ್ಪತ್ತಮೂರು ಹೆಣ ಬೀಳುತ್ತವೆ. ಇಪ್ಪತ್ತಮೂರು ಜನಕ್ಕೂ ತಾಯಿ ಇದ್ದಿರಬೇಕಲ್ಲ? ಒಬ್ಬಳೂ ಬಂದು ಯಾರ ಬಾಗಿಲನ್ನೂ ತಟ್ಟುವುದಿಲ್ಲ.

ನಮ್ಮ ಬಾಗಿಲು ತಟ್ಟಿದಳು. ಆಗಸ್ಟ್ ಒಂದನೆಯ ತಾರೀಖು, ಬೆಳಿಗ್ಗೆ. ಚಿಕ್ಕಯ್ಯನ ತಾಯಿ ಕೆಂಚಮ್ಮ, ನಿನ್ನ ಕಾಗದದಲ್ಲಿದ್ದ ಆ ಮುದುಕಿ, ಹೊಸ್ತಿಲ ಹೊರಗೆ ಕೂತಳು. "ಒಳಗ್ ಬನ್ನಿ ಅಜ್ಜಿ, ಕಾಫಿ ಕುಡೀರಿ," ಅಂದಳು ಕಮಲ. "ಇಲ್ಲೇ ಇರ್ಲಿ ಬುಡವ್ವ. ಒಂದೇ ಮಾತು ಅದೆ," ಎಂದು ನನ್ನ ಕಡೆ ತಿರುಗಿದಳು.

"ಸಾಮಿ, ಜೈಲಿಗೋಗಿ ಚೆಲುವರಾಜನ್ನ ಕಂಡೆ. 'ವಿಶ್ವ ಕಣ್ಣಾರೆ ನೋಡವ್ನೆ, ಅವ್ನನ್ನೇ ಕೇಳು' ಅಂದ. ನನ್ ಮಗ ದೇವಯ್ಯಣ್ಣನ ತಾವ ಅತ್ತು ವರ್ಸ ಮೂಟೆ ಒತ್ತವ್ನೆ. ಎಲ್ಲಾರ ಮುಂದೆ ಚಪ್ಪಲೀಲಿ ಒಡಿಸ್ಕಂಡು ಕೆಲ್ಸ ಬುಟ್ಟ, ಅದು ದಿಟ. ಆದ್ರೆ ಕಡಿದೋನು ಅವ್ನೇ ಆಗಿದ್ರೆ ಅವರ ತಿಥಿ ಅನ್ನಕ್ಕೆ ಎಲೆ ಮುಂದೆ ಕೂತ್ಕತಿದ್ನಾ? ಕೊಂದೋನ್ ಗಂಟ್ಲಲ್ಲಿ ಆ ಅನ್ನ ಇಳೀತದಾ? ಅವ್ನು ಒಲ್ಲೆ ಅಂದ ಸಾಮಿ. ನಾನೇ ಕಳಿಸ್ದೆ. 'ಓಗ್ಲಾ, ಓಗಿ ಉಂಡು ಬಾ, ಜನದ್ ಬಾಯಿ ಮುಚ್ತದೆ' ಅಂದೆ."

ಚೆಲುವ, ಆ ಪಂಕ್ತಿ ನಿನಗೂ ಮರೆತಿರಲಾರದು. ಹನ್ನೊಂದನೆಯ ದಿನ, ನಿಮ್ಮ ಮನೆಯ ಹಿಂದಿನ ಶಾಮಿಯಾನ. ಚಿಕ್ಕಯ್ಯ ಬಂದು ನನ್ನ ಎದುರು ಸಾಲಿನಲ್ಲಿ ಕೂತಾಗ ಇಡೀ ಪಂಕ್ತಿ ಊಟ ನಿಲ್ಲಿಸಿತು. ಕೊಂದವನು ಸತ್ತವನ ತಿಥಿ ಅನ್ನ ಮುಟ್ಟುವುದಿಲ್ಲ ಎಂದು ನಂಬಿದ ಜನವೇ ಅದು. ಆದರೂ ಅವನು ಮುಟ್ಟಿದ್ದನ್ನು ಕೊಬ್ಬು ಅಂದುಕೊಂಡಿತು. ನೀನು ನನ್ನ ಬೆನ್ನ ಹಿಂದೆ ಬಗ್ಗಿ ಕೇಳಿದೆ: "ಇವ್ನೇ ತಾನೇ, ವಿಶ್ವ?" ನಾನು ತಲೆಯಾಡಿಸಿದೆ. ಅಡುಗೆಯವರು ಕಾಯಿ ಒಡೆಯಲು ಇಟ್ಟಿದ್ದ ಮಚ್ಚು ನಿನ್ನ ಕೈಗೆ ಬಂದದ್ದು ನಾನು ಕಾಣಲಿಲ್ಲ, ಅವನ ತಲೆ ಎಲೆಯ ಮೇಲೆ ಬಿದ್ದದ್ದು ಕಂಡೆ. ಬಾಯಲ್ಲಿ ತುತ್ತು ಹಾಗೇ ಇತ್ತು. ನೀನು ಮತ್ತೆ ಎತ್ತಿದೆ, ಮತ್ತೆ. ಎಲೆಯ ಅನ್ನ ಕೆಂಪಾಗಿ ನನ್ನ ಎಲೆಯವರೆಗೂ ಹರಿಯಿತು. ಯಾರೂ ಎದ್ದು ಓಡಲಿಲ್ಲ. ಎಲ್ಲರೂ ಕಾಲು ಮಡಚಿ ಕೂತೇ ಇದ್ದರು, ಬಡಿಸುವವನ ಕೈಯಿಂದ ಸಾರು ಸುರಿಯುತ್ತಲೇ ಇತ್ತು.

ಕೆಂಚಮ್ಮ ಕಾಯುತ್ತಿದ್ದಳು. "ನೀವು ಮೇಷ್ಟ್ರು, ಸುಳ್ಳು ಯೋಳಾಕಿಲ್ಲ. ನೋಡಿದ್ರಾ ಸಾಮಿ?"

"ನೋಡಿದೆ ಕಣಮ್ಮ. ನಿಮ್ಮ ಮಗನೇ," ಅಂದೆ.

ಅಳಲಿಲ್ಲ. ಸೆರಗು ಸರಿಮಾಡಿಕೊಂಡಳು. "ಅಂಗಾದ್ರೆ ಸರಿ ಬುಡಿ. ಆ ಉಡುಗ ಚೆಲುವರಾಜಂಗೆ ಒಂಬತ್ತು ವರ್ಸ ದಿನಾ ಶಾಪ ಆಕಿವ್ನಿ, ಅವ್ನ ವಂಸ ಅಳೀಲಿ ಅಂತ. ಆ ಶಾಪ ನಾನೇ ಎತ್ಕಬೇಕು."

ಹೇಗೆ ಎತ್ತಿಕೊಳ್ಳುತ್ತಿದ್ದಾಳೆ ಗೊತ್ತೇ? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹರಕೆ ಹೊತ್ತಿದ್ದಾಳೆ. ಮಂಡಿ ನೋವು, ಒಂದೇ ದಿನ ಆಗುವುದಿಲ್ಲ. ಶುಕ್ರವಾರಕ್ಕೆ ನೂರು ಮೆಟ್ಟಿಲು. ಕಮಲ ಮನಸ್ಸು ತಡೆಯದೆ ಜೊತೆಗೆ ಹೋಗುತ್ತಾಳೆ. ಮೊನ್ನೆಗೆ ಆರುನೂರಾಯಿತಂತೆ. "ಬೆರಳ ತುದಿ ಒಡೆದು ರಕ್ತ ಬರ್ತಿದೆ ಕಣ್ರೀ, ಕುಂಕುಮ ಯಾವ್ದು ರಕ್ತ ಯಾವ್ದು ಗೊತ್ತಾಗಲ್ಲ," ಅಂದಳು ಕಮಲ. "ಒಂದೊಂದು ಮೆಟ್ಲಿಗೂ 'ಚೆಲುವರಾಜ ಚೆನ್ನಾಗಿರ್ಲಿ, ನನ್ ಮಗನ್ ತಪ್ಪು ಒಟ್ಟೆಗಾಕ್ಕೊ ತಾಯಿ' ಅಂತಾರೆ. ನೀವು ಯಾಕೆ ಒಂದ್ಸಲಾನೂ ಬರಲ್ಲ?"

ಮೂರನೆಯ ದೋಷವೊಂದಿದೆ. ಆ ಮನೆತನಕ್ಕೆ ಬಂದ ಸುಳಿವು ಒಂದೂ ತಪ್ಪುವುದಿಲ್ಲ. ಹಿರಿಯನಿಗೆ ಯಾರ ಹೆಸರು ಹೇಳಿದರೂ ಅವನೇ ನಿಜವಾದ ದ್ರೋಹಿಯಾಗಿರುತ್ತಾನೆ. ಸಾಕ್ಷಿ ಹೇಳುವವನ ಮುಖವನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಇದನ್ನು ಭಾಷಣದಲ್ಲಿ ಸೇರಿಸಬೇಡ.

ಆರೋಗ್ಯ ನೋಡಿಕೋ. ಚಳಿಗೆ ಮುಂಚೆ ಕಂಬಳಿ ಕಳಿಸುತ್ತೇನೆ, ಅದು ಕದ್ದದ್ದಲ್ಲ. ಬೆಟ್ಟದ ತಾಯಿ ನಿನ್ನ ಕಡೆ ಕಣ್ಣಿಟ್ಟಿರಲಿ. ನನ್ನ ಕಡೆ ಸ್ವಲ್ಪ ಹೊತ್ತು ನೋಡದಿದ್ದರೂ ಪರವಾಗಿಲ್ಲ.

ನಿನ್ನ
ವಿಶ್ವ

ಮ.ವಿ.: ಇದನ್ನು ಬೇರೆ ಹಾಳೆಯಲ್ಲಿ ಬರೆದು ಹರಿದುಹಾಕುವ ಯೋಚನೆಯಿತ್ತು. ಅದಕ್ಕೇ ಅದೇ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ನಾನು ಚಿಕ್ಕಯ್ಯನನ್ನು ನೋಡಲಿಲ್ಲ. ಯಾರನ್ನೂ ನೋಡಲಿಲ್ಲ. ಮೆಟಡೋರಿನಿಂದ ಮಚ್ಚು ಇಳಿದದ್ದು ಕಂಡ ತಕ್ಷಣ ಅಂಗಡಿಯ ಶಟರ್ ಎಳೆದುಬಿಟ್ಟೆ. ನಿಮ್ಮಣ್ಣ ಹೊರಗಿದ್ದರು. ಕೆಳಗೆ ನಾಲ್ಕು ಬೆರಳಷ್ಟು ಸಂದು. ಅದರಲ್ಲಿ ಕಂಡದ್ದು ಪಾದಗಳು ಮಾತ್ರ. ಅವರು ಶಟರ್ ಬಡಿದರು, "ವಿಶ್ವಾ, ಎತ್ತಪ್ಪ, ಎತ್ತೋ" ಅಂದರು. ಅದು ಮೇಲೇಳದ ಹಾಗೆ ನಾನು ಒಳಗಿನ ಹಿಡಿಯ ಮೇಲೆ ಕೂತಿದ್ದೆ. ಆ ಇಪ್ಪತ್ತು ನಿಮಿಷವೂ ಕೂತಿದ್ದೆ. ಅವರು ನೀರು ಕೇಳಿದ್ದು ನನ್ನನ್ನೇ.

ಸಂಜೆ ಶವಾಗಾರದ ಹತ್ತಿರ ನೀನು ಬಂದು "ಯಾರೋ?" ಅಂದೆ. ಒಳಗಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಹಮಾಲರು ಆಗಲೇ ಚಿಕ್ಕಯ್ಯ ಅನ್ನುತ್ತಿದ್ದರು, ನಾನೂ ಅಂದೆ. ಪಂಕ್ತಿಯಲ್ಲಿ ತಲೆಯಾಡಿಸಿದಾಗ ಅವನ ಪರಿಚಯ ಬಿಟ್ಟು ನನಗೆ ಬೇರೇನೂ ಗೊತ್ತಿರಲಿಲ್ಲ.

ಕೆಂಚಮ್ಮನಿಗೆ ಇನ್ನೂ ಹೇಳಿಲ್ಲ. ಬರುವ ಶುಕ್ರವಾರ ಆರುನೂರ ಒಂದನೆಯ ಮೆಟ್ಟಿಲಿನ ಹತ್ತಿರ ಹೋಗಿ ಹೇಳಬೇಕು. ಹೋಗುತ್ತೇನೆಯೇ ಎಂದು ನನಗೇ ನಂಬಿಕೆ ಸಾಲದು. ಅದಕ್ಕೇ, ಅಧಿಕಾರಿಗಳು ಮೊದಲು ಓದಲಿ ಎಂದು, ಇಲ್ಲಿ ಬರೆದಿದ್ದೇನೆ.

ಶವಾಗಾರದ ಬಾಗಿಲಲ್ಲಿ ನೀನು ನನ್ನನ್ನು ತಬ್ಬಿಕೊಂಡು ಅತ್ತೆ. "ನೀನೊಬ್ನೇ ಗಂಡ್ಸು ನಿಂತ್ಕಂಡೆ ಕಣೋ," ಅಂದೆ. ಪ್ಯಾಂಟು ಯಾಕೋ ಒದ್ದೆ ಎಂದು ಕೇಳಿದೆ. ಗಲಾಟೆಯಲ್ಲಿ ಕಾಯಿ ಒಡೆದು ನೀರು ಚೆಲ್ಲಿತು ಅಂದೆ.

ಅದು ಕಾಯಿನೀರಲ್ಲ ಚೆಲುವ.