ಪೆನ್ಸಿಲ್ ಒಂದಿಂಚು ಉಳಿದೈತೆ

ಸುನೀತಾ ಅವರೇ,

ನಮ್ಮ ಆರ್ಕೆಸ್ಟ್ರಾದ ಗಿಟಾರ್ ಮಾರುತಿ ಮಾತಾಡ್ತಿದೀನ್ರಿ. ಬರಿಯಾಕ ಕುಂತ್ರೆ ಕೈ ಓಡವಲ್ದು, ಅದಕ್ಕ ವಾಯ್ಸ್ ಕಳಿಸ್ತಿದೀನಿ. ಕಾಗದ ಅಂತನೇ ತಿಳ್ಕೊಳ್ರಿ.

ನನ್ನ ಎಲೆಕ್ಟ್ರಿಕ್ ಗಿಟಾರ್ ಈಗ ಶ್ರುತಿ ಬಿಡಲ್ಲ. ‘ಬೆಣ್ಣೆ ದೋಸೆ ತಿಂದ ಕೈ, ಅದಕ್ಕೇ ತಂತಿ ಜಾರ್ತಾವ’ ಅಂತ ನೀವು ಆಡ್ಕೊಂತಿದ್ರಲ್ಲ, ಅವು ಜಾರ್ತಿರ್ಲಿಲ್ರಿ, ಸಿಕ್ಕೊಂತಿದ್ವು. ಗಿಟಾರಿನ ಕುತ್ತಿಗಿ ತುದಿಯಾಗ ತಂತಿ ಕೂರೋ ಸೀಳಿನಾಗ ಹಿಡ್ಕಂಡು, ಎಳೆದ್ರೆ ತಿರುಗಿ ತಮ್ಮ ಜಾಗಕ್ಕ ಬರ್ತಿರ್ಲಿಲ್ಲ. ಆ ಸೀಳಿಗೆ ಪೆನ್ಸಿಲ್ ಸೀಸ ಉಜ್ಜಿದೆ, ಸರಿಹೋತು. ನೀವು ಹಾಡು ಬರ್ಕೊಂತಿದ್ದ ಪೆನ್ಸಿಲ್ಲೇ, ಗಿಟಾರ್ ಚೀಲದಾಗ ಉಳ್ಕಂಡಿತ್ತು.

ಹೇಳಬೇಕಾಗಿದ್ದು ಬೇರೆ ಐತೆ. ಹರಿಹರದ ಮದುವ್ಯಾಗ ಜನ ನಕ್ರಲ್ಲ, ಅವತ್ತು ಶ್ರುತಿ ತಪ್ಪಿದ್ದು ನಿಮ್ಮ ದನಿ ಅಲ್ರಿ, ನನ್ನ ತಂತಿ. ನಂಗೆ ಅವಾಗ್ಲೇ ಗೊತ್ತಿತ್ತು. ತಲೆ ತಗ್ಗಿಸ್ಕೊಂಡು ಬಾರಿಸ್ತಾ ನಿಂತೆ. ನೀವು ಹಾಡೋದೇ ಬಿಟ್ರಿ. ಆರು ವರ್ಷ ಆತು.

ಭಾನುವಾರ ಸಂಜಿಗೆ ಶಾಮನೂರಿನಾಗ ಪ್ರಾಕ್ಟೀಸ್ ಐತೆ. ಪೆನ್ಸಿಲ್ ಒಂದಿಂಚು ಉಳಿದೈತೆ. ಅಂಗಡ್ಯಾಗ ಸಿಗ್ತಾವ, ಗೊತ್ತು. ಆದ್ರೂ ಬರೋವಾಗ ನಿಮ್ಮದೇ ಒಂದು ತರ್ರಿ.

ನಿಮ್ಮ ಪಕ್ಕದಾಗ ನಿಂತು ಬಾರಿಸ್ತಿದ್ದ,
ಮಾರುತಿ