ಎರಡು ತಟ್ಟೆಯೂ ಅವರದೇ

ಅಕ್ಕಾ,

ನೀನು ತೀರಿಹೋದ ಮೇಲೆ ನನ್ನ ಕನ್ನಡ ತಿದ್ದುವವರಿಲ್ಲ. ಬಿ.ಎ. ಮುಗಿಸಿದ ಹಮ್ಮಿನಲ್ಲಿ, ಜಂಭವೂ ದೊಡ್ಡಸ್ತಿಕೆಯೂ ಒಂದೇ ಎಂದು ನಾನು ವಾದಿಸಿದ ದಿನ ನೆನಪಿದೆಯಾ? ನೀನು ಅವರೆಕಾಯಿ ಸುಲಿಯುತ್ತಾ ನಕ್ಕಿದ್ದೆ. "ಜಂಭದೋರು ನಿನ್ನ ಕಡೆ ತಿರುಗಿಯೂ ನೋಡಲ್ಲ ಕಣೋ. ದೊಡ್ಡಸ್ತಿಕೆಯೋರು ನೋಡ್ತಾರೆ, ಪಾಪ ಅಂತ ತಲೆ ಸವರ್ತಾರೆ. ತಲೆ ಕೊಡಬೇಡ." ಕತ್ರಿಗುಪ್ಪೆಯವರ ಬಾಯಿಗೆ ಬೇರೆ ಕತ್ರಿ ಯಾಕೆ ಎಂದು ನಾನು ನಿನ್ನನ್ನು ರೇಗಿಸಿದ್ದೆ.

ನೀನು ಎತ್ತಿ ಆಡಿಸಿದ ನನ್ನ ಮಗಳು ಪಲ್ಲವಿಗೆ ಜಯನಗರದ ಸಂಬಂಧ ಕುದುರಿತ್ತು. ಮೊದಲ ಸಲ ಬಂದಾಗ ಹುಡುಗನ ತಾಯಿ ಕಾಫಿ ಮುಟ್ಟಲಿಲ್ಲ. "ನೀವೆಲ್ಲ ಎಷ್ಟು ಸಿಂಪಲ್ಲು. ನಮಗೆ ಅದೇ ಇಷ್ಟ" ಎಂದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿದವರಿಗೆ ಏನು ಹೇಳುವುದು ಅಕ್ಕಾ?

ನಿಶ್ಚಿತಾರ್ಥಕ್ಕೆ ಮುಂಚೆ ಅವರದೇ ಫೋನು. "ನಿಮ್ಮ ಕಡೆ ತಾಂಬೂಲದ ತಟ್ಟೇನೂ ನಾವೇ ತರ್ತೀವಿ. ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕಲ್ಲ. ನಿಮಗ್ಯಾಕೆ ತೊಂದರೆ." ನಾನು ಹೂಂ ಎಂದೆ. ಹೆಣ್ಣು ಹೆತ್ತವನು... ನನ್ನ ಹೆಂಡತಿ ಮಾತ್ರ ಎಲೆ, ಅಡಿಕೆ, ತೆಂಗಿನಕಾಯಿ, ಹುಡುಗನಿಗೊಂದು ಪಂಚೆ ಜೋಡಿಸಿ ಸ್ಟೀಲ್ ತಟ್ಟೆಯೊಂದನ್ನು ಒಳಗಿಟ್ಟಿದ್ದಳು.

ಆ ದಿನ ನಮ್ಮ ಹಾಲ್ ತುಂಬಾ ನೆಂಟರು. ಹುಡುಗನ ಮನೆಯವರ ಮುಂದೊಂದು ಬೆಳ್ಳಿ ತಟ್ಟೆ, ನಮ್ಮ ಮುಂದೆ ಅವರದೇ ಇನ್ನೊಂದು. ಪುರೋಹಿತರು "ಬದಲಾಯಿಸ್ಕೊಳ್ಳಿ" ಎಂದರು. ನಾನು ತಟ್ಟೆ ಎತ್ತಿದೆ. ಪಲ್ಲವಿ ಕೈ ಹಿಡಿದಳು.

"ಅಪ್ಪಾ, ಅವರದು ಅವರಿಗೇ ಹೋಗ್ತಾ ಇದೆ. ನಮ್ಮದೆಲ್ಲಿ?"

ಒಳಗೆ ಹೋಗಿ ಆ ಸ್ಟೀಲ್ ತಟ್ಟೆ ತಂದು ಹುಡುಗನ ತಾಯಿಯ ಮುಂದೆ ಹಿಡಿದಳು. "ತಗೊಳ್ಳಿ ಆಂಟಿ."

"ಅಯ್ಯೋ ಪುಟ್ಟಾ, ಪಾಪ, ಇದೆಲ್ಲ ಯಾಕೆ. ನೀವೇ ಇಟ್ಕೊಳ್ಳಿ" ಎಂದು ಆಕೆ ಕೆನ್ನೆ ತಟ್ಟಿದರು.

ಪಲ್ಲವಿ ಹುಡುಗನ ಮುಖ ನೋಡಿದಳು. ಅವನು ಅಮ್ಮನ ಮುಖ ನೋಡಿದ.

"ನಮ್ಮನೆ ಎಲೆ ಅಡಿಕೇನೇ ಬೇಡದ ಮನೆಗೆ ನಾನು ಹೇಗೆ ಬರಲಿ ಆಂಟಿ?"

ಹುಡುಗನ ಕಡೆಯವರು ಎದ್ದು ಹೋದರು. ನೆಂಟರೆಲ್ಲ ಈಗ ಹುಡುಗಿಗೆ ಧಿಮಾಕು ಅನ್ನುತ್ತಿದ್ದಾರೆ. ಹುಡುಗನ ತಾಯಿಯದು ದೊಡ್ಡ ಮನಸ್ಸಂತೆ, ನಮ್ಮವಳದು ಧಿಮಾಕಂತೆ. ಪಲ್ಲವಿ ಸರಿಯಾಗಿ ಊಟ ಮಾಡಿಲ್ಲ. ನನ್ನ ಮುಖ ನೋಡುತ್ತಾಳೆ, ತಪ್ಪು ಮಾಡಿದೆನಾ ಎಂದು ಮಾತ್ರ ಕೇಳುವುದಿಲ್ಲ.

ನಾಳೆ ಚಿಕ್ಕಪ್ಪ ಬರುತ್ತಾರೆ, ಅವಳಿಂದ ಕ್ಷಮೆ ಕೇಳಿಸಿ ಸಂಬಂಧ ಉಳಿಸುವುದಕ್ಕೆ. ಬರಲಿ. ಬಿಸಿಬಿಸಿ ಮುದ್ದೆ, ಸಾರು ಬಡಿಸುತ್ತೇನೆ. ಕ್ಷಮೆಯೊಂದನ್ನು ಬಡಿಸುವುದಿಲ್ಲ.

ನಿನ್ನ ತಮ್ಮ